ಈ ಡಿಸೆಂಬರಿಗೆ ಮಗನಿಗೆಷ್ಟು ವರ್ಷ?

ಅಮೆರಿಕದ ರಾಚೆಸ್ಟರ್ ನಗರದಲ್ಲಿ ಆಟದ ಸಾಮಾನುಗಳಿಗೆಂದೇ ಒಂದು ಕೀರ್ತಿಮಂದಿರವಿದೆ. ತಲೆಮಾರುಗಳಿಂದ ಮಕ್ಕಳ ಮನಸ್ಸು ಗೆದ್ದ ಆಟಿಕೆಗಳನ್ನು ಪ್ರತಿ ವರ್ಷವೂ ಆರಿಸಿ ಅಲ್ಲಿಗೆ ಸೇರಿಸುತ್ತಾರೆ. 2005ರಲ್ಲಿ ಆ ಗೌರವ ಸಂದದ್ದು ಖಾಲಿ ರಟ್ಟಿನ ಪೆಟ್ಟಿಗೆಗೆ, 2008ರಲ್ಲಿ ಮರದ ಕೋಲಿಗೆ. ಕ್ರಿಸ್ಮಸ್ ಬೆಳಿಗ್ಗೆ ಎರಡು ವರ್ಷದ ಮಗ ದುಬಾರಿ ಕಾರನ್ನು ಅತ್ತ ತಳ್ಳಿ, ಅದು ಬಂದ ಡಬ್ಬದೊಳಗೆ ಹೋಗಿ ಕೂತದ್ದನ್ನು ಕಂಡಿರುವ ಅಪ್ಪ ಅಮ್ಮಂದಿರಿಗೆ ಈ ಆಯ್ಕೆ ವಿಚಿತ್ರ ಅನ್ನಿಸಲಾರದು. ಕಾರು ಅವನ ಪಾಲಿಗೆ ಕಾರು ಮಾತ್ರ. ಡಬ್ಬವಾದರೆ ಮನೆಯೂ ಹೌದು, ಬಸ್ಸೂ ಹೌದು, ಹುಲಿಯ ಗುಹೆಯೂ ಹೌದು.

ಮಗನಿಗೆ ಉಡುಗೊರೆ ಹುಡುಕುವವರು ಅಂಗಡಿಗೆ ಹೋಗುವ ಮುಂಚೆ ಒಂದಷ್ಟು ದಿನ ಅವನ ಕೈಗಳನ್ನೇ ಗಮನಿಸಬೇಕು. ಈ ವರ್ಷ ಆ ಕೈ ಏನು ಮಾಡಲು ಹವಣಿಸುತ್ತಿದೆ? ಅಪ್ಪನಿಗೆ ಬಾಲ್ಯದಲ್ಲಿ ಸಿಗದೇ ಹೋದದ್ದು ಯಾವುದು, ಮಗ ಮುಂದೆ ಏನಾಗಬೇಕು ಎಂಬ ಲೆಕ್ಕಾಚಾರ ಆಮೇಲಿನದು.

ಮೊದಲ ಕ್ರಿಸ್ಮಸ್ಸಿಗೆ ಕೂಸಿನ ಕೈಯೂ ಬಾಯಿಯೂ ಒಂದೇ. ಸಿಕ್ಕಿದ್ದೆಲ್ಲ ನೇರ ಬಾಯಿಗೆ. ಹೀಗಾಗಿ ಬಣ್ಣ ಬಿಡದ, ಚೂಪಿಲ್ಲದ, ಗಂಟಲಿಗೆ ಸಿಕ್ಕದಷ್ಟು ದೊಡ್ಡದಾದ ಗಿಲಕಿಯೊಂದಿದ್ದರೆ ಅಷ್ಟೇ ಸಾಕು. ಚನ್ನಪಟ್ಟಣದವರು ಆಲೆಮರವನ್ನು ಕಡೆದು, ತಿರುಗುವಾಗಲೇ ಅದಕ್ಕೆ ಬಣ್ಣದ ಅರಗು ಒತ್ತಿ ಮಾಡುವ ಗಿಲಕಿಗಳು ಈ ವಯಸ್ಸಿಗೆ ಹೇಳಿ ಮಾಡಿಸಿದಂಥವು. ಮರುವರ್ಷ ಅವನು ಎದ್ದು ನಿಂತಾಗ, ತಳ್ಳಿಕೊಂಡು ನಡೆಯುವ ಮೂರು ಗಾಲಿಯ ಮರದ ಗಾಡಿ. ಮೂರು ವರ್ಷ ತುಂಬುವ ತನಕ ಸಣ್ಣ ಬಿಡಿಭಾಗಗಳಿರುವ ಯಾವುದೂ ಬೇಡ. ಅದಕ್ಕಿಂತ ಅಪಾಯದ್ದು ಗುಂಡಿಯಂಥ ಚಪ್ಪಟೆ ಬ್ಯಾಟರಿ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಹಾಡುವ, ಮಿನುಗುವ ಅಗ್ಗದ ಆಟಿಕೆಯನ್ನು ತಿರುಗಿಸಿ, ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡದೆ ಹಣ ಕೊಡಬಾರದು. ಭಾರತದಲ್ಲಿ 2021ರ ಜನವರಿಯಿಂದ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಕಾರ್ಖಾನೆಯ ಆಟಿಕೆಯಾದರೆ ಅದನ್ನೂ ಹುಡುಕಬೇಕು.

ಗಂಡುಮಗು ಎಂದ ಕೂಡಲೇ ಬಂದೂಕು, ಲಾರಿ, ಚೆಂಡುಗಳ ಕಡೆಗೇ ಕೈ ಹೋಗುತ್ತದೆ. ಆದರೆ ಅಪ್ಪಿಕೊಳ್ಳಲು ಅವನಿಗೂ ಒಂದು ಜೀವ ಬೇಕು. ಲಂಡನ್ನಿನ ಲೇಖಕ ಎ. ಎ. ಮಿಲ್ನ್ ಅವರ ಮಗ ಕ್ರಿಸ್ಟೋಫರ್ ರಾಬಿನ್‌ಗೆ 1921ರಲ್ಲಿ ಒಂದು ವರ್ಷ ತುಂಬಿದಾಗ ಸಿಕ್ಕಿದ್ದು ಹ್ಯಾರಡ್ಸ್ ಅಂಗಡಿಯ ಒಂದು ಮೆತ್ತನೆಯ ಕರಡಿ. ಅದೇ ವರ್ಷದ ಕ್ರಿಸ್ಮಸ್ಸಿಗೆ ಬಂದದ್ದು ಒಂದು ಕತ್ತೆ. ಹುಡುಗ ಅವುಗಳ ಜೊತೆ ಮಾತಾಡಿದ, ಎಳೆದಾಡಿದ. ಅಪ್ಪ ಅದನ್ನೆಲ್ಲ ನೋಡುತ್ತಿದ್ದರು. 1925ರ ಕ್ರಿಸ್ಮಸ್‌ನ ಮುನ್ನಾದಿನ ಆ ಕರಡಿಯ ಕಥೆ ಲಂಡನ್ನಿನ ಸಂಜೆ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಜಗತ್ತು ಅದನ್ನು ವಿನ್ನಿ ದ ಪೂ ಎಂದು ಗುರುತಿಸಿತು. ಈಗ ಆ ಕರಡಿ, ಕತ್ತೆ ಎರಡೂ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿವೆ.

ಮೂರು ನಾಲ್ಕರ ಪ್ರಾಯದಲ್ಲಿ ಪ್ರಶ್ನೆಗಳ ಕಾಲ ಶುರು. ಕ್ರಿಸ್ಮಸ್ ತಾತ ಎಲ್ಲಿರುತ್ತಾನೆ, ಹೇಗೆ ಬರುತ್ತಾನೆ? 1920ರಲ್ಲಿ ಲೇಖಕ ಜೆ. ಆರ್. ಆರ್. ಟೋಲ್ಕಿನ್ ಅವರ ಹಿರಿಯ ಮಗ ಜಾನ್‌ಗೆ ಮೂರು ವರ್ಷ. ಆ ಡಿಸೆಂಬರಿನಲ್ಲಿ ಉತ್ತರ ಧ್ರುವದಿಂದ ಅವನ ಹೆಸರಿಗೊಂದು ಕಾಗದ ಬಂತು. ವಯಸ್ಸಾದವರ ನಡುಗುವ ಅಕ್ಷರ, ಜೊತೆಗೆ ತಾತನದೂ ಅವನ ಮನೆಯದೂ ಬಣ್ಣದ ಚಿತ್ರ. ಧ್ರುವದ ಅಂಚೆಚೀಟಿಗಳನ್ನು ಕೂಡ ಟೋಲ್ಕಿನ್ ತಾವೇ ಬರೆಯುತ್ತಿದ್ದರು. ತಮ್ಮಂದಿರು, ತಂಗಿ ಹುಟ್ಟಿದಂತೆ ಕಾಗದಗಳೂ ಬೆಳೆದವು. ತಾತನ ಮನೆಯಲ್ಲಿ ಎಡವಟ್ಟು ಮಾಡುವ ಹಿಮಕರಡಿ ಬಂತು, ಕಿಡಿಗೇಡಿ ಗಾಬ್ಲಿನ್‌ಗಳು ಬಂದರು. 1943ರವರೆಗೂ ಈ ಕ್ರಮ ನಡೆಯಿತು. ಆ ಮನೆಯ ಮಕ್ಕಳಿಗೆ ಆಟಿಕೆಗಳೂ ಸಿಕ್ಕವು. ಆದರೂ ಅವರು ಜೋಪಾನವಾಗಿ ಎತ್ತಿಟ್ಟುಕೊಂಡದ್ದು, 1976ರಲ್ಲಿ ಪುಸ್ತಕವಾಗಿ ಹೊರಬಂದದ್ದು ಈ ಕಾಗದಗಳು. ಇದಕ್ಕೆ ಟೋಲ್ಕಿನ್ನರ ಪ್ರತಿಭೆಯೇ ಬೇಕೆಂದಿಲ್ಲ. ಮಗನ ಹೆಸರು ಬರೆದ ಒಂದು ಲಕೋಟೆ, ಅವನು ಆ ವರ್ಷ ಮಾಡಿದ ಒಂದೆರಡು ಸಂಗತಿಗಳ ಪ್ರಸ್ತಾಪ ಇದ್ದರೆ ನಾಲ್ಕು ವರ್ಷದವನು ಅದನ್ನು ಮತ್ತೆ ಮತ್ತೆ ಓದಿಸಿಕೊಳ್ಳುತ್ತಾನೆ.

ಆರೇಳು ವರ್ಷಕ್ಕೆ ಬೆರಳುಗಳಿಗೆ ಬಲ ಬರುತ್ತದೆ. ಇನ್ನು ಬಿಚ್ಚಬೇಕು, ಜೋಡಿಸಬೇಕು. ಹೀಗೆ ಆಡುವ ಗಂಡುಮಕ್ಕಳ ಒಬ್ಬ ಅಪ್ಪ ಲಿವರ್‌ಪೂಲ್‌ನಲ್ಲಿದ್ದರು, ಹೆಸರು ಫ್ರಾಂಕ್ ಹಾರ್ನ್‌ಬಿ. ಮಾಂಸ ಆಮದು ಮಾಡುವ ವ್ಯಾಪಾರಿಯ ಬಳಿ ಗುಮಾಸ್ತಿಕೆ. ಬಿಡುವು ಸಿಕ್ಕಾಗ ಮನೆಯಲ್ಲಿ ಮಕ್ಕಳಿಗೆ ಸೇತುವೆ, ಕ್ರೇನುಗಳನ್ನು ಮಾಡಿಕೊಡುವುದು ಅವರ ರೂಢಿ. ಒಂದು ಆಟಿಕೆಗೆಂದು ಮಾಡಿದ ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕ್ರಿಸ್ಮಸ್‌ನ ಮುನ್ನಾದಿನ ರೈಲಿನಲ್ಲಿ ಹೋಗುತ್ತಿದ್ದಾಗ ದಾರಿ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಲೋಹದ ಪಟ್ಟಿಗಳಿಗೆ ಉದ್ದಕ್ಕೂ ಅರ್ಧ ಇಂಚಿಗೊಂದರಂತೆ ತೂತು ಕೊರೆದುಬಿಟ್ಟರೆ, ನಟ್ಟು ಬೋಲ್ಟು ಹಾಕಿ ಯಾವುದನ್ನು ಯಾವುದಕ್ಕೆ ಬೇಕಾದರೂ ಕೂಡಿಸಬಹುದಲ್ಲ! 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮೆಕಾನೊ ಎಂಬ ಹೆಸರು ಬಂದದ್ದು 1907ರಲ್ಲಿ.

ಮೆಕಾನೊ ಪೆಟ್ಟಿಗೆ ಬಿಚ್ಚಿದರೆ ಒಳಗೆ ಆಟಿಕೆಯೇ ಇಲ್ಲ. ಪಟ್ಟಿ, ಗಾಲಿ, ಸರಳು, ಬೋಲ್ಟು, ಅಷ್ಟೇ. ಕ್ರೇನು ಬೇಕಾದರೆ ಹುಡುಗನೇ ಕಟ್ಟಬೇಕು. ಬೇಸರವಾದಾಗ ಕಳಚಿ ಲಾರಿ ಮಾಡಬೇಕು. ಹೀಗೆ ಕೂಡಿಸಿ ಕಳಚುವುದಕ್ಕೆ ಎಷ್ಟು ಶಕ್ತಿಯಿದೆ ಎಂಬುದನ್ನು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಕಂಡಿತು. 1934ರಲ್ಲಿ ಅಲ್ಲಿನ ಡಗ್ಲಸ್ ಹಾರ್ಟ್ರಿ ಮತ್ತು ಆರ್ಥರ್ ಪೋರ್ಟರ್ ಕಠಿಣ ಸಮೀಕರಣಗಳನ್ನು ಬಿಡಿಸುವ ಗಣಕಯಂತ್ರವೊಂದರ ಮಾದರಿಯನ್ನು ಬಹುಮಟ್ಟಿಗೆ ಮೆಕಾನೊ ಭಾಗಗಳಿಂದಲೇ ಕಟ್ಟಿದರು. 1996ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಹ್ಯಾರಿ ಕ್ರೋಟೊ, ಬಾಲ್ಯದ ತಮ್ಮ ಮೆಕಾನೊ ಸೆಟ್ಟನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಡೆನ್ಮಾರ್ಕಿನ ಲೆಗೊ ಇಟ್ಟಿಗೆಯ ಗುಟ್ಟೂ ಇಂಥದೇ. ಎಂಟು ಗುಬಟಿನ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು, ಮೂರನ್ನಾದರೆ 1,060 ಬಗೆಯಲ್ಲಿ. 1958ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ಇಟ್ಟಿಗೆ ಈ ವರ್ಷದ ಇಟ್ಟಿಗೆಗೂ ಕೂರುತ್ತದೆ. ಹಾಗಾಗಿ ಪ್ರತಿ ಡಿಸೆಂಬರಿಗೂ ಹೊಸ ದೊಡ್ಡ ಸೆಟ್ಟೇ ಆಗಬೇಕಿಲ್ಲ. ಅವನಲ್ಲಿ ಇರುವುದಕ್ಕೆ ಒಂದು ಚಿಕ್ಕ ಪೊಟ್ಟಣ ಸೇರಿಸಿದರೂ ಕಟ್ಟಬಹುದಾದ ಲೋಕ ಹಿಗ್ಗುತ್ತದೆ.

ಹತ್ತು ದಾಟಿದವನಿಗೆ ಪುಸ್ತಕ ಕೊಡಬಹುದು. ಐಸ್‌ಲ್ಯಾಂಡಿನಲ್ಲಿ ಕ್ರಿಸ್ಮಸ್‌ನ ಹಿಂದಿನ ರಾತ್ರಿ ಪುಸ್ತಕ ಕೊಡುವುದು ದೊಡ್ಡ ಸಂಪ್ರದಾಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇರೆ ವಸ್ತುಗಳ ಆಮದಿಗೆ ಕಡಿವಾಣ ಬಿದ್ದಾಗ ಕಾಗದ ಮಾತ್ರ ಸಿಗುತ್ತಿದ್ದುದರಿಂದ ಅದು ಬೇರೂರಿತು. ಅಲ್ಲಿ ಹೆಚ್ಚಿನ ಹೊಸ ಪುಸ್ತಕಗಳು ಹಬ್ಬದ ಮುಂಚಿನ ವಾರಗಳಲ್ಲೇ ಮಾರುಕಟ್ಟೆಗೆ ಬರುತ್ತವೆ. ಹುಡುಗನೇ ಅಂಗಡಿಯಲ್ಲಿ ನಿಂತು ಆರಿಸಿದ ಪುಸ್ತಕವಾದರೆ ಓದುವ ಸಂಭವ ಹೆಚ್ಚು.

ಹದಿಮೂರು ಹದಿನಾಲ್ಕರವನು ಸಾಮಾನ್ಯವಾಗಿ ಕೇಳುವುದು ಫೋನು. ಅದನ್ನು ಕೊಡುವುದೋ ಬಿಡುವುದೋ ಮನೆಯವರು ಕೂತು ಮಾತಾಡಿ ತೀರ್ಮಾನಿಸುವ ವಿಷಯ, ಹಬ್ಬದ ಬೆಳಿಗ್ಗೆಯ ಅಚ್ಚರಿಯಾಗಬಾರದು. ಈ ವಯಸ್ಸಿಗೆ ಅಪ್ಪ ತನ್ನ ಸಮಯವನ್ನೇ ಕೊಟ್ಟ ಒಂದು ಉದಾಹರಣೆಯಿದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1825ರಿಂದ ಎಳೆಯರಿಗಾಗಿ ಕ್ರಿಸ್ಮಸ್ ವಿಜ್ಞಾನ ಉಪನ್ಯಾಸಗಳು ನಡೆಯುತ್ತಿವೆ. 1855ರ ಡಿಸೆಂಬರ್ 27ರಂದು ಮೈಕೆಲ್ ಫ್ಯಾರಡೆ ಲೋಹಗಳ ಗುಣಗಳನ್ನು ಪ್ರಯೋಗ ಮಾಡಿ ತೋರಿಸುವಾಗ, ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ 14 ವರ್ಷದ ಎಡ್ವರ್ಡ್ ಮತ್ತು 11 ವರ್ಷದ ಆಲ್‌ಫ್ರೆಡ್‌ನನ್ನು ಕರೆದುಕೊಂಡು ಬಂದು ಎದುರಿಗೇ ಕೂತಿದ್ದರು. ಬೇಕಾದ್ದನ್ನೆಲ್ಲ ಕೊಳ್ಳಬಲ್ಲ ಮನೆತನದವರು, ಹಬ್ಬದ ವಾರದಲ್ಲಿ ಇಬ್ಬರು ಗಂಡುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಲು ಬಂದಿದ್ದರು. ಬೆಂಗಳೂರಿನ ಅಪ್ಪನೊಬ್ಬ ಮಗನನ್ನು ತಾರಾಲಯಕ್ಕೋ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೋ ಕರೆದೊಯ್ದು ಇಡೀ ದಿನ ಅವನ ಜೊತೆಗೇ ಇದ್ದರೆ ಅದೂ ಇದೇ ಜಾತಿಯ ಉಡುಗೊರೆ.

ಮನೆ ಬಿಟ್ಟು ಹೋದ ಮಗನಿಗೆ? 1914ರ ಕ್ರಿಸ್ಮಸ್ಸಿಗೆ ಬ್ರಿಟನ್ನಿನ ರಾಜಕುಮಾರಿ ಮೇರಿ ತನ್ನ ಹೆಸರಿನ ನಿಧಿಯಿಂದ ಯುದ್ಧದಲ್ಲಿದ್ದ ಸೈನಿಕರಿಗೆ ಹಿತ್ತಾಳೆಯ ಪುಟ್ಟ ಪೆಟ್ಟಿಗೆಗಳನ್ನು ಕಳಿಸಿದಳು. ಆಗ ಅವಳಿಗೆ 17 ವರ್ಷ. ಸೇದುವವರಿಗೆ ತಂಬಾಕು, ಪೈಪು. ಸೇದದವರಿಗೆ ಹುಳಿ ಮಿಠಾಯಿ ಮತ್ತು ಕಾಗದ, ಪೆನ್ಸಿಲು, ಲಕೋಟೆ. ಭಾರತದಿಂದ ಹೋಗಿದ್ದ ಸಿಖ್ ಸೈನಿಕರಿಗೆ ಕಲ್ಲುಸಕ್ಕರೆ ಮತ್ತು ಮಸಾಲೆಯ ಡಬ್ಬಿ. ಲಕ್ಷಗಟ್ಟಲೆ ಜನರಿಗೆ ಒಂದೇ ಬಾರಿಗೆ ಕಳಿಸುವಾಗಲೂ ಯಾರ ಮಗ ಏನು ಮುಟ್ಟುತ್ತಾನೆ, ಏನು ಮುಟ್ಟುವುದಿಲ್ಲ ಎಂದು ಯೋಚಿಸಿದ ಆ ಕಾಳಜಿ ದೊಡ್ಡದು.

ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಡಿಸೆಂಬರಿನಲ್ಲಿ ಅವರ ಮನೆಗಳಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು ಸಿದ್ಧವಾಗುತ್ತವೆ: ನೆವ್ರಿ, ಗುಳಿಯೊ, ತುಕ್ಡಿ, ಕಿಡಿಯೊ. ಕಿಡಿಯೊ ಹಿಟ್ಟನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡುವುದು ಮನೆಯ ಮಕ್ಕಳಿಗೆ ಒಪ್ಪಿಸಿದ ಕೆಲಸ. ಹಬ್ಬದ ದಿನ ತಟ್ಟೆ ಹೊತ್ತು ನೆರೆಮನೆಗಳಿಗೆ ಕೊಟ್ಟು ಬರುವುದೂ ಅವರದೇ ಪಾಲು. ಹಾಗೆ ಬೆಳೆದ ಮಗ ಇಂದು ದುಬೈಯಲ್ಲೋ ಕುವೈತಿನಲ್ಲೋ ಇರುತ್ತಾನೆ. ಊರಿನಿಂದ ಹೊರಡುವವರ ಪೆಟ್ಟಿಗೆಯಲ್ಲಿ ಅವನ ಪಾಲಿನ ಕುಸ್ವಾರ್ ಡಬ್ಬಿಯೂ ಪ್ರಯಾಣ ಮಾಡುತ್ತದೆ. ಕೋಣೆಯಲ್ಲಿ ಜೊತೆಗಿರುವ ಮಲಯಾಳಿಗೂ ಪಠಾಣನಿಗೂ ಅವನು ಹಂಚದೆ ಇರಲಾರ ಎಂದು ಅಮ್ಮನಿಗೆ ಗೊತ್ತು. ಅದಕ್ಕೆಂದೇ ಅವಳು ಒಂದು ಕಿಲೋ ಹೆಚ್ಚಿಗೆ ಕಟ್ಟುತ್ತಾಳೆ.