ರಾಕ್‌ನಿಂದ ಕನ್ನಡಕ್ಕೆ ತಿರುಗಿದ ಎಫ್‌ಎಂ

ಬೆಂಗಳೂರಿನ ಎಫ್‌ಎಂ ಅಲೆಗಳು ಚಿತ್ರದುರ್ಗ ಜಿಲ್ಲೆಯ ನಮ್ಮ ಬ್ರಹ್ಮಗಿರಿಯ ತನಕ ಬರುವುದಿಲ್ಲ. ಮೊಳಕಾಲ್ಮೂರು, ಚಳ್ಳಕೆರೆಯ ಹುಡುಗರು ಓದಲಿಕ್ಕೋ ಕೆಲಸಕ್ಕೋ ಬೆಂಗಳೂರಿಗೆ ಹೋದಾಗಲೇ ಅವು ಕಿವಿಗೆ ಬಿದ್ದದ್ದು.

ದೇಶದ ಮೊದಲ ಖಾಸಗಿ ಎಫ್‌ಎಂ ಆದ ರೇಡಿಯೋ ಸಿಟಿ 2001ರ ಜುಲೈನಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಆರಂಭದಲ್ಲಿ ಅಲ್ಲಿ ಇಂಗ್ಲಿಷ್, ಹಿಂದಿ ಹಾಡುಗಳಿಗೇ ಹೆಚ್ಚು ಜಾಗ. 2006ರಲ್ಲಿ ಹೊಸ ಸ್ಟೇಷನ್ನುಗಳು ಸಾಲುಗಟ್ಟಿದವು. ಆಗ ಬಂದ ರೇಡಿಯೋ ಇಂಡಿಗೋ 91.9 ರಾಕ್, ಪಾಪ್ ಕೇಳುವವರ ಮನೆಯಾಯಿತು. ಅದೇ ವರ್ಷದ ಕೊನೆಗೆ 'ಮುಂಗಾರು ಮಳೆ' ತೆರೆಗೆ ಬಂತು. ಅದರ ಹಾಡುಗಳು ಹಿಡಿದ ಪರಿಗೆ, ಕನ್ನಡಕ್ಕೆ ಕೇಳುಗರೂ ಇದ್ದಾರೆ, ಜಾಹೀರಾತೂ ಬರುತ್ತದೆ ಎಂಬುದು ಮಾಲೀಕರಿಗೆ ಮನವರಿಕೆಯಾಯಿತು. ರೇಡಿಯೋ ಸಿಟಿಯೂ ಕನ್ನಡಕ್ಕೆ ಹೊರಳಿತು. ಆಕಾಶವಾಣಿಯ ಎಫ್‌ಎಂ ರೇನ್‌ಬೋ 'ಕನ್ನಡ ಕಾಮನಬಿಲ್ಲು' ಆಯಿತು.

ಕನ್ನಡ ಗೆದ್ದದ್ದು ನನಗೆ ನಿಜಕ್ಕೂ ಹೆಮ್ಮೆ. ಆದರೆ ಬರೀ ಹೊಸ ಸಿನಿಮಾ ಹಾಡುಗಳೇ ಸುತ್ತುತ್ತಿದ್ದರೆ ಆ ಗೆಲುವು ಅರ್ಧವೇ. ಗಾಯಕ ರಘು ದೀಕ್ಷಿತ್ ಸಂತಕವಿ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಜೊತೆ ಹಾಡಿ ಲೋಕ ಸುತ್ತಿದರು. ಅಂಥ ಕನ್ನಡ ಬ್ಯಾಂಡುಗಳಿಗೆ ದಿನಕ್ಕೆ ಒಂದು ಗಂಟೆಯಾದರೂ ಬೇಡವೇ?

ಇನ್ನೊಂದು ಮಾತು. ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದ ಅಶೋಕನ ಶಾಸನ ನಮ್ಮೂರ ಬಂಡೆಯ ಮೇಲೆ ಎರಡು ಸಾವಿರ ವರ್ಷ ದಾಟಿ ಉಳಿದಿದೆ. ರೇಡಿಯೋ ಮಾತು ಹಾಗೆ ಉಳಿಯುವುದಿಲ್ಲ, ಯಾರಾದರೂ ಉಳಿಸಬೇಕು. ನಿಮ್ಮ ಹಳೇ ಕ್ಯಾಸೆಟ್ಟಿನಲ್ಲಿ ಆ ಕಾಲದ ಎಫ್‌ಎಂ ರೆಕಾರ್ಡಿಂಗ್ ಇದ್ದರೆ ದಯವಿಟ್ಟು ಎಸೆಯಬೇಡಿ.