ಕೊಪ್ಪರಿಗೆ ಯಾರ ಮನೆಯಲ್ಲಿದೆ?

ನಮ್ಮ ತೂಬಗೆರೆಯಲ್ಲಿ ಮದುವೆ ನಿಶ್ಚಯವಾದರೆ ಮುಹೂರ್ತಕ್ಕಿಂತ ಮೊದಲು ಕೊಪ್ಪರಿಗೆ ಗೊತ್ತುಮಾಡಬೇಕಿತ್ತು. ಬೀದಿಗೆಲ್ಲ ಅದೊಂದೇ. ಹೋದ ಮದುವೆಯ ಮಸಿ ಮೆತ್ತಿಕೊಂಡು ಅದು ಯಾರ ಹಿತ್ತಿಲಲ್ಲಿ ಬೋರಲು ಬಿದ್ದಿದೆ ಅಂತ ಬಲ್ಲವರಿಗೆ ವಿಶೇಷ ಮರ್ಯಾದೆ.

ಲಿನಕ್ಸ್ ಸಂಸಾರವೂ ಹೀಗೇ. ಎಲ್ಲರಿಗೂ ಬೇಕಾದ ಕೆಲಸವನ್ನು ಡಾಟ್ ಎಸ್‌ಒ ಎಂಬ ಲೈಬ್ರರಿಗಳಲ್ಲಿ ಇಟ್ಟಿರುತ್ತಾರೆ. ಬೇಕಾದವರು ಓಡುವಾಗ ಎರವಲು ಪಡೆಯಬೇಕು. ಓಪನ್‌ಎಂಪಿ ಬಳಸಿ ಹಲವು ಥ್ರೆಡ್‌ಗಳಲ್ಲಿ ಕೆಲಸ ಹಂಚುವ ಸಿ ಪ್ರೋಗ್ರಾಂಗೆ ಜಿಸಿಸಿ ಕಂಪೈಲರಿನವರು ಕೊಡುವುದು ಲಿಬ್‌ಗಾಂಪ್. 2007ರ 4.2ನೇ ಆವೃತ್ತಿಯಿಂದ ಈ ಏರ್ಪಾಡಿದೆ.

2020ರ ಲಾಕ್‌ಡೌನಿನಲ್ಲಿ ಊರಿಂದಲೇ ಆಫೀಸು. ಪ್ರೋಗ್ರಾಂ ತಕರಾರಿಲ್ಲದೆ ಕಂಪೈಲ್ ಆಯಿತು. ಓಡಿಸಿದರೆ, ಲಿಬ್‌ಗಾಂಪ್ ಡಾಟ್ ಎಸ್‌ಒ ಡಾಟ್ 1 ಎಂಬ ಫೈಲೇ ಇಲ್ಲ ಅಂತು. ಫೈಲು ಅಲ್ಲೇ ಒಂದು ಫೋಲ್ಡರಿನಲ್ಲಿ ತಣ್ಣಗೆ ಕೂತಿತ್ತು. ನನ್ನ ಗೊಣಗಾಟ ಕೇಳಿ, ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಮ್ಮ ತಲೆಯೆತ್ತದೆ ಕೇಳಿದರು: “ಎಲ್ಲಿಟ್ಟಿದ್ದೀಯ ಅಂತ ಅದಕ್ಕೆ ಹೇಳಿದ್ಯೇನೋ?”

ಎಲ್‌ಡಿಡಿ ಎಂಬ ಕಮಾಂಡ್ ಓಡಿಸಿದೆ. ಬೇಕಾದ ಲೈಬ್ರರಿಗಳ ಪಟ್ಟಿಯಲ್ಲಿ ಒಂದರ ಮುಂದೆ ಮಾತ್ರ ‘ನಾಟ್ ಫೌಂಡ್’. ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಎಲ್‌ಡಿ ಲೈಬ್ರರಿ ಪಾತ್‌ಗೆ ಆ ಫೋಲ್ಡರಿನ ವಿಳಾಸ ಕೊಟ್ಟೆ; ಓಡಿತು.

ಮರುದಿನ ಅದೇ ಕೋಡನ್ನು ಪೈಥಾನಿನಿಂದ ಕರೆದರೆ ಹೊಸ ರಾಗ: ‘ಸ್ಟ್ಯಾಟಿಕ್ ಟಿಎಲ್‌ಎಸ್ ಬ್ಲಾಕ್’ನಲ್ಲಿ ಜಾಗವಿಲ್ಲ! ಪ್ರತಿ ಥ್ರೆಡ್‌ಗೂ ಖಾಸಗಿಯಾಗಿ ಒಂದಿಷ್ಟು ಜಾಗ ಬೇಕು. ಅದನ್ನು ಪ್ರೋಗ್ರಾಂ ಶುರುವಾಗುವಾಗಲೇ ಲೆಕ್ಕಹಾಕಿ ತೆಗೆದಿಟ್ಟಿರುತ್ತಾರೆ, ಮೇಲೊಂಚೂರು ಉಳಿಸಿರುತ್ತಾರೆ. ನಡುವೆ ಬಂದ ಲೈಬ್ರರಿಗಳು ಆ ಚೂರನ್ನೂ ಮುಗಿಸಿದರೆ ಕೊನೆಗೆ ಬಂದ ಬೀಗರಿಗೆ ಪಂಕ್ತಿಯಲ್ಲಿ ಎಲೆಯಿಲ್ಲ. ಲಿಬ್‌ಗಾಂಪನ್ನು ಎಲ್ಲಕ್ಕಿಂತ ಮೊದಲು ಕರೆದು ಕೂರಿಸಿದ ಮೇಲೆ ಜಗಳ ನಿಂತಿತು.

ಈ ರಗಳೆಯೇ ಬೇಡ ಅನ್ನುವವರಿಗೆ ಸ್ಟ್ಯಾಟಿಕ್ ಲಿಂಕಿಂಗ್ ಇದೆ. ಬೇಕಾದ್ದನ್ನೆಲ್ಲ ಪ್ರೋಗ್ರಾಂ ತನ್ನ ಹೊಟ್ಟೆಯಲ್ಲೇ ತುಂಬಿಕೊಳ್ಳುತ್ತದೆ. ಫೈಲು ಊದುತ್ತದೆ, ಲೈಬ್ರರಿಯ ದೋಷ ಸರಿಹೋದರೂ ಮತ್ತೆ ಕಟ್ಟುವ ತನಕ ಇದಕ್ಕೆ ಅದರ ಲಾಭವಿಲ್ಲ. ಈಗ ನಮ್ಮ ಕಡೆಯ ಮದುವೆಗಳೂ ಹಾಗೇ ಆಗಿವೆ. ಕ್ಯಾಟರಿಂಗಿನವರು ಒಲೆ, ಪಾತ್ರೆ, ಸೌಟು, ಕೊನೆಗೆ ಉಪ್ಪನ್ನೂ ವ್ಯಾನಿನಲ್ಲಿ ತಂದುಬಿಡುತ್ತಾರೆ. ಯಾರ ಮನೆಯ ಬಾಗಿಲೂ ತಟ್ಟಬೇಕಿಲ್ಲ. ಅನುಕೂಲವೇನೋ ಹೌದು, ಆದರೆ ಕೊಪ್ಪರಿಗೆ ಕೇಳಲು ಹೋದವರು ಕಾಫಿ ಕುಡಿದು, ಹಳೇ ಮುನಿಸು ಮರೆತು ಬರುತ್ತಿದ್ದರಲ್ಲ, ಆ ಸೌಲಭ್ಯವನ್ನು ಯಾವ ಕ್ಯಾಟರಿಂಗಿನವರೂ ತರುವುದಿಲ್ಲ.

ನನ್ನ ತೀರ್ಮಾನ ಇಷ್ಟೆ: ನಿಮ್ಮದೇ ಯಂತ್ರದಲ್ಲಿ ಓಡುವುದಾದರೆ ಹಂಚಿಕೊಂಡು ಬಾಳಿ, ಗುರುತಿಲ್ಲದ ಯಂತ್ರಕ್ಕೆ ಕಳಿಸುವುದಾದರೆ ಎಲ್ಲವನ್ನೂ ಕಟ್ಟಿಕೊಟ್ಟು ಕಳಿಸಿ. ಎರಡಕ್ಕೂ ಮುಂಚೆ ಒಮ್ಮೆ ಎಲ್‌ಡಿಡಿ ಓಡಿಸಿ ನೋಡಿ.