ಒಂದೇ ಜೋಡಿ ಮೆಟ್ಟು

ಮೆಟ್ಟು ಎಂಬ ಮಾತು ಕನ್ನಡದಲ್ಲಿ ಕ್ರಿಯೆಯೂ ಹೌದು, ವಸ್ತುವೂ ಹೌದು. ನೆಲವನ್ನು ತುಳಿಯುವುದೂ ಮೆಟ್ಟುವುದೇ. ತುಳಿಯುವ ಕಾಲಿಗೆ ತೊಡುವುದೂ ಮೆಟ್ಟೇ. ನಮ್ಮ ಹಿರಿಯರು ಅದನ್ನು ಹೊಸ್ತಿಲಿನಾಚೆ ಬಿಟ್ಟರಾದರೂ ಗೌರವದಿಂದ ದೂರವಿಡಲಿಲ್ಲ. ಹದಿನಾಲ್ಕು ವರ್ಷ ಅಯೋಧ್ಯೆಯ ರಾಜ್ಯಭಾರವನ್ನು ಹೊತ್ತುದು ಒಂದು ಜೊತೆ ಪಾದುಕೆ. ಕಲ್ಯಾಣದ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಮೆಟ್ಟು ಹೊಲಿದರೆಂದು ಶರಣರ ಕಥೆ ಹೇಳುತ್ತದೆ. ಆದರೆ ಅಂಗಡಿಯ ಮೆತ್ತನೆಯ ಬೆಂಚಿನ ಮೇಲೆ ಕುಳಿತ ಇಂದಿನ ಗೃಹಸ್ಥನಿಗೆ ಭರತನೂ ನೆನಪಾಗುವುದಿಲ್ಲ, ಹರಳಯ್ಯನೂ ನೆನಪಾಗುವುದಿಲ್ಲ; ಅವನ ಕಣ್ಣು ನೆಟ್ಟಿರುವುದು ಬೆಲೆಯ ಚೀಟಿಯ ಮೇಲೆ.

ಮಲೆನಾಡಿನ ನೆಲಕ್ಕೆ ಮೆಟ್ಟು ಆರಿಸುವುದು ಬೆಲೆಯ ಚೀಟಿಯಿಂದ ತೀರುವ ಕೆಲಸವಲ್ಲ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರು. ದಾರಿಯಲ್ಲಿ ಸಿಕ್ಕುವ ಆಲೂರಿನ ಸೀಮೆ ಅರೆಮಲೆನಾಡು: ಹೊಲ, ಗದ್ದೆ, ತಗ್ಗಾದ ದಿಣ್ಣೆಗಳು. ಪಶ್ಚಿಮಕ್ಕೆ ಸರಿದಂತೆ ಮಳೆ ಹೆಚ್ಚುತ್ತದೆ, ದಿಣ್ಣೆಗಳು ಬೆಟ್ಟಗಳಾಗುತ್ತವೆ. ಹೇಮಾವತಿಯ ದಡದ ಸಕಲೇಶಪುರವನ್ನು ದಾಟಿದರೆ ಒಂದೇ ಬೆಳಗಿನ ನಡಿಗೆಯಲ್ಲಿ ನಾಲ್ಕು ಬಗೆಯ ನೆಲ ಎದುರಾಗುತ್ತದೆ: ಡಾಂಬರು ರಸ್ತೆ, ತರಗೆಲೆ ಹಾಸಿದ ಕಾಫಿ ತೋಟದ ಇಳಿಜಾರು, ಪಾಚಿ ಕಟ್ಟಿದ ಬಂಡೆ, ಬೋಳುಗುಡ್ಡದ ಹುಲ್ಲು. ಟಿಪ್ಪೂ ಸುಲ್ತಾನನ ಕಾಲದಲ್ಲಿ, 1792ರಲ್ಲಿ, ಕಟ್ಟಿ ಮುಗಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಗೆ ಭಾನುವಾರ ಬರುವ ಸಂಸಾರಗಳನ್ನು ನೋಡಬೇಕು. ಹತ್ತುವಾಗ ಎಲ್ಲರದೂ ಉತ್ಸಾಹ. ಜಿಟಿಜಿಟಿ ಮಳೆಯಲ್ಲಿ ಇಳಿಯುವಾಗ ಹೆಂಗಸರ ಚಪ್ಪಲಿ ಕೈಗೆ ಬಂದಿರುತ್ತದೆ; ಗಂಡಸರು ಒಬ್ಬರ ಹೆಗಲನ್ನೊಬ್ಬರು ಹಿಡಿದಿರುತ್ತಾರೆ.

ಹಾಸನದಲ್ಲಿ ಮನೆ, ಆಲೂರಿನಲ್ಲಿ ಕಚೇರಿ, ಸಕಲೇಶಪುರದಾಚೆ ಪಿತ್ರಾರ್ಜಿತವಾಗಿ ಬಂದ ಎರಡು ಎಕರೆ ಕಾಫಿ—ಇಂಥ ಗೃಹಸ್ಥರು ಈ ಸೀಮೆಯಲ್ಲಿ ಹಲವರು. ಅಂಥವರೊಬ್ಬರು ಎಲ್ಲಕ್ಕೂ ಒಂದೇ ಜೋಡಿ ಸಾಕೆಂದು ನಿಶ್ಚಯಿಸಿದರು. ವಾರದಲ್ಲಿ ಆರು ದಿನ ನಡೆಯುವುದು ಡಾಂಬರಿನ ಮೇಲೆ. ಆದುದರಿಂದ ಹಗುರವಾದ, ನುಣ್ಣನೆಯ ಅಟ್ಟೆಯ ಬೂಟನ್ನು ಕೊಂಡರು. ಆರು ದಿನ ಆ ಲೆಕ್ಕ ಸರಿಯಾಗಿಯೇ ಇತ್ತು. ಏಳನೆಯ ದಿನ ತೋಟದ ಇಳಿಜಾರಿನಲ್ಲಿ ತಪ್ಪಿತು. ಮಣಿಕಟ್ಟಿಗೆ ಒಂದೂವರೆ ತಿಂಗಳು ಪಟ್ಟಿ ಬಿತ್ತು. ಅವರನ್ನು ಎತ್ತಿ ಕೂಡಿಸಿದ ತೋಟದ ಹಿರಿಯ ಆಳು ಹೇಳಿದನಂತೆ: “ಹತ್ತೋವಾಗ ಎಲ್ಲಾ ಮೆಟ್ಟೂ ಒಳ್ಳೇದೇ, ಅಯ್ಯಾ. ಅದರ ಗುಣ ಗೊತ್ತಾಗೋದು ಇಳಿಯೋವಾಗ.”

ಈ ಮಾತಿನಲ್ಲಿ ಶಾಸ್ತ್ರವೇ ಅಡಗಿದೆ. ಒಂದೇ ಜೋಡಿಯನ್ನು ಕೊಳ್ಳುವವರು ತಾವು ಹೆಚ್ಚು ಹೊತ್ತು ನಡೆಯುವ ನೆಲಕ್ಕಾಗಿ ಅದನ್ನು ಆರಿಸಬಾರದು. ಜಾರಿದರೆ ಹೆಚ್ಚು ದಂಡ ತೆರಬೇಕಾದ ನೆಲಕ್ಕಾಗಿ ಆರಿಸಬೇಕು. ರಸ್ತೆಯಲ್ಲಿ ಒರಟು ಅಟ್ಟೆಯ ಬೂಟು ಕೊಂಚ ಭಾರವೆನಿಸೀತು, ಬೇಗ ಸವೆದೀತು, ನಷ್ಟ ಅಷ್ಟೇ. ಬಂಡೆಯ ಮೇಲೆ ನುಣ್ಣನೆಯ ಅಟ್ಟೆ ಮಾಡುವ ನಷ್ಟಕ್ಕೆ ಮಿತಿಯಿಲ್ಲ.

ಈ ಪಾಠವನ್ನು ಯುರೋಪಿನವರು ಪ್ರಾಣ ತೆತ್ತು ಕಲಿತರು. ಹಿಂದೆ ಆಲ್ಪ್ಸ್ ಪರ್ವತವನ್ನು ಏರುವವರು ಎರಡು ಜೋಡಿ ಒಯ್ಯುತ್ತಿದ್ದರು: ಬುಡದವರೆಗೆ ಮೊಳೆ ಹೊಡೆದ ಭಾರದ ಬೂಟು, ಬಂಡೆ ಹತ್ತಲು ಹಗುರವಾದ ಮೆತ್ತನೆಯ ಜೋಡು. 1935ರಲ್ಲಿ ಇಟಲಿಯ ವಿಟಾಲೆ ಬ್ರಮಾನಿಯೆಂಬ ಪರ್ವತಾರೋಹಿಯ ತಂಡ ಹಿಮದ ಬಿರುಗಾಳಿಗೆ ಸಿಕ್ಕಿತು; ಆರು ಮಂದಿ ಸತ್ತರು. ಕಾಲಿನಲ್ಲಿದ್ದ ಹಗುರ ಜೋಡು ಆ ಹಿಮಕ್ಕೆ ತಕ್ಕುದಾಗಿರಲಿಲ್ಲ. ಬದುಕಿ ಬಂದ ಬ್ರಮಾನಿ ಬಂಡೆಗೂ ಮಂಜಿಗೂ ಒದಗುವಂತೆ ಆಳವಾದ ಹಲ್ಲುಗಳುಳ್ಳ ರಬ್ಬರ್ ಅಟ್ಟೆಯನ್ನು ರೂಪಿಸಿ, 1937ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. 1954ರಲ್ಲಿ ಕೆ-2 ಶಿಖರವನ್ನು ಮೊದಲು ಮುಟ್ಟಿದ ಇಟಲಿಯವರ ಕಾಲಿನಲ್ಲಿ ಇದ್ದುದು ಈ ಅಟ್ಟೆಯೇ. ಹಿಮದ ಮೇಲೆ ಜಾರುವ ಸ್ಕೀ ಹಲಗೆಯನ್ನು ಆರಿಸುವವರಿಗೂ ಇದೇ ತೊಡಕು. ಆಟದ ಅಂಗಳದಲ್ಲಿ ನೆಗೆಯಲೂ ಇಡೀ ಬೆಟ್ಟವನ್ನು ಇಳಿಯಲೂ ಒಂದೇ ಜೋಡಿ ಬೇಕೆಂಬವರು, ಹಿಮ್ಮುಖವಾಗಿ ಇಳಿದರೂ ಕಚ್ಚಿಕೊಳ್ಳದಂತೆ ಎರಡೂ ತುದಿ ಮೇಲಕ್ಕೆ ಬಾಗಿದ ಹಲಗೆಯನ್ನು ಕೊಳ್ಳುತ್ತಾರೆ. ಹಲಗೆ ಅಗಲವಾದರೆ ಹೊಸ ಹಿಮದಲ್ಲಿ ತೇಲುತ್ತದೆ. ಗಟ್ಟಿ ಹಿಮದಲ್ಲಿ ಚುರುಕಾಗಿ ತಿರುಗದು. ಎರಡು ಗುಣಗಳ ನಡುವೆ ಎಲ್ಲಿ ನಿಲ್ಲಬೇಕೆಂಬುದೇ ಅಲ್ಲಿಯೂ ಪ್ರಶ್ನೆ.

ಸಕಲೇಶಪುರದಲ್ಲಿ ಈ ಪ್ರಶ್ನೆ ಅಟ್ಟೆಯಿಂದಲೇ ಮೊದಲಾಗುತ್ತದೆ. ಕೆಸರಿಗೆ ಆಳವಾದ, ದೂರದೂರ ನಿಂತ ಹಲ್ಲುಗಳು ಬೇಕು. ಇಲ್ಲವಾದರೆ ಮಣ್ಣು ತುಂಬಿಕೊಂಡು ಅಟ್ಟೆ ಮತ್ತೆ ನುಣ್ಣಗಾಗುತ್ತದೆ. ಒದ್ದೆ ಬಂಡೆಗಾದರೋ ರಬ್ಬರು ಮೃದುವಾಗಿ ಹೆಚ್ಚು ಅಗಲ ತಾಗಬೇಕು. ಎರಡಕ್ಕೂ ಒಂದೇ ಆಗಬೇಕಾದರೆ ಹಲ್ಲು ನಾಲ್ಕೈದು ಮಿಲಿಮೀಟರು ಆಳವಿದ್ದು, ರಬ್ಬರು ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗುವಂತಿದ್ದರೆ ಸಾಕು. ಹಿಮ್ಮಡಿಯ ಅಂಚು ಚೂಪಾಗಿರಲಿ. ಇಳಿಜಾರಿನಲ್ಲಿ ಹಿಡಿತ ಕೊಡುವುದು ಅದೇ. ಪಾಚಿಗೆ ಮಾತ್ರ ಯಾವ ರಬ್ಬರೂ ಮದ್ದಲ್ಲ. ಅಲ್ಲಿ ನಿಧಾನವೇ ಮದ್ದು.

ಗಂಬೂಟಿನ ಪಕ್ಷಪಾತಿಗಳೂ ಉಂಟು. 1853ರಲ್ಲಿ ಫ್ರಾನ್ಸಿನ ರೈತರಿಗಾಗಿ ಹುಟ್ಟಿಕೊಂಡ ಈ ರಬ್ಬರ್ ಬೂಟು ಇಂಬಳವನ್ನೂ ಮುಳ್ಳನ್ನೂ ಕೆಸರನ್ನೂ ತಡೆಯುತ್ತದೆ. ಆದರೆ ಅದು ನೀರನ್ನು ಹೊರಗಿಡುವುದು ನೀರು ಅಂಚನ್ನು ದಾಟುವವರೆಗೆ; ದಾಟಿದ ಮೇಲೆ ಅಷ್ಟೇ ನಿಷ್ಠೆಯಿಂದ ಒಳಗಿಡುತ್ತದೆ. ದೀರ್ಘ ಇಳಿಜಾರಿನಲ್ಲಿ ಹಿಮ್ಮಡಿ ಸಡಿಲವಾಗಿ ಬೆರಳುಗಳು ಮುಂದಕ್ಕೆ ಜಜ್ಜಿಕೊಳ್ಳುತ್ತವೆ. ಕಳೆ ಹೊಡೆಯುವ ದಿನಕ್ಕೆ ಅದು ಉತ್ತಮ, ಜೇನುಕಲ್ಲು ಗುಡ್ಡಕ್ಕೆ ಅಲ್ಲ. ಎರಡಕ್ಕೂ ಒಂದೇ ಬೇಕೆಂಬವರು ಹರಡು ಮುಚ್ಚುವ, ಬಿಗಿದು ಕಟ್ಟುವ ಬೂಟನ್ನು ಕೊಂಡು, ಒಳಗೆ ಮೊಣಕಾಲಿನವರೆಗೆ ಒತ್ತಾಗಿ ನೇಯ್ದ ಹತ್ತಿಬಟ್ಟೆಯ ಚೀಲದಂಥ ಕಾಲುಚೀಲ ತೊಡುವುದು ಲೇಸು. ಇಂಬಳ ಅದನ್ನು ತೂರಲಾರದು.

ಕೊಳ್ಳುವುದಕ್ಕೆ ಸಂಜೆಯೇ ಸರಿಯಾದ ಹೊತ್ತು. ದಿನವೆಲ್ಲ ನಡೆದ ಪಾದ ಆಗ ಕೊಂಚ ಉಬ್ಬಿರುತ್ತದೆ. ದಪ್ಪ ಕಾಲುಚೀಲ ತೊಟ್ಟು, ಅಂಗಡಿಯ ಮೆಟ್ಟಿಲನ್ನು ಇಳಿದು ನೋಡಬೇಕು. ಬೆರಳು ಮುಂದಕ್ಕೆ ತಾಗಿದರೆ ಆ ಜೋಡು ಬೇಡ. ಮನೆಗೆ ತಂದ ಮೇಲೂ ಎಚ್ಚರ ಬೇಕು. ಪಾಲಿಯುರೆಥೇನ್ ಎಂಬ ಮೆತ್ತನೆಯ ಪದರವುಳ್ಳ ಬೂಟುಗಳು ಗಾಳಿಯ ತೇವದಿಂದಲೇ ಒಳಗೊಳಗೆ ಶಿಥಿಲವಾಗುತ್ತವೆ. ಹಲವು ವರ್ಷ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ಜೋಡು ಹೊರಬಂದ ದಿನವೇ ಹಳೆಯ ರಸ್ಕಿನಂತೆ ಪುಡಿಯಾಗಬಹುದು. ಮಲೆನಾಡಿನ ಮಳೆಗಾಲಕ್ಕೆ ಇದು ದೊಡ್ಡ ಮಾತು: ಕೂಡಿಟ್ಟ ಬೂಟಿಗಿಂತ ತೊಟ್ಟು ನಡೆದ ಬೂಟೇ ನಂಬಿಕೆಗೆ ಯೋಗ್ಯ. ಒದ್ದೆಯಾದುದನ್ನು ಬಚ್ಚಲೊಲೆಯ ಪಕ್ಕದಲ್ಲಿ ಒಣಗಿಸಿದರೆ ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಹಳೆಯ ಪತ್ರಿಕೆಯನ್ನು ತುರುಕಿ ನೆರಳಿನಲ್ಲಿಡಬೇಕು. ಓದಿ ಮುಗಿದ ಪತ್ರಿಕೆಗೂ ಒಂದು ಸದ್ಗತಿ.

ಆ ಗೃಹಸ್ಥರು ಪಟ್ಟಿ ಬಿಚ್ಚಿದ ಮೇಲೆ ಇಷ್ಟನ್ನೂ ವಿಚಾರಿಸಿ, ಮಡದಿಯೊಡನೆ ಅಂಗಡಿಗೆ ಹೋಗಿ, ಹಲ್ಲಿನ ಅಟ್ಟೆಯ ಬೂಟನ್ನು ತೊಟ್ಟು ಮೆಟ್ಟಿಲಿಳಿದು ನೋಡಿದರು. ಎಲ್ಲವೂ ಸರಿಯಾಗಿತ್ತು. ಆಗ ಆಕೆ ಕೇಳಿದರು: “ಅಲ್ಲಾ ರೀ, ಅವತ್ತು ನಿಮ್ಮನ್ನ ಎತ್ತಿ ಕೂಡಿಸಿದನಲ್ಲ, ಅವನ ಕಾಲಲ್ಲಿ ಏನಿತ್ತು?”

ಗೃಹಸ್ಥರು ಯೋಚಿಸಿದರು. ಅವನ ಕಾಲಿನಲ್ಲಿ ಹವಾಯಿ ಚಪ್ಪಲಿ ಇತ್ತು. ಕಿತ್ತುಹೋದ ಬಾರಿಗೆ ಪಿನ್ನು ಚುಚ್ಚಿತ್ತು. ಮರಗಸಿಯ ಕಾಲದಲ್ಲಿ ಏಣಿ ಹೊತ್ತು, ಕುಯ್ಲಿನಲ್ಲಿ ಹಣ್ಣಿನ ಮೂಟೆ ಹೊತ್ತು, ಅದೇ ಇಳಿಜಾರನ್ನು ಅವನು ವಾರದ ಆರು ದಿನವೂ ಇಳಿಯುತ್ತಿದ್ದನು. ಜಾರಿದರೆ ಹೆಚ್ಚು ದಂಡ ತೆರಬೇಕಾದವನು ಯಾರು ಎಂಬ ಲೆಕ್ಕವನ್ನು ಅವರು ಅಲ್ಲಿಯೇ ನಿಂತು ಮತ್ತೊಮ್ಮೆ ಮಾಡಬೇಕಾಯಿತು.

ಒಂದೇ ಜೋಡಿಗೆಂದು ಹೋದ ಆ ದಂಪತಿಗಳ ಬಿಲ್ಲಿನಲ್ಲಿ ಅಂದು ಎರಡು ಜೋಡಿಗಳಿದ್ದವು. ಎರಡನೆಯದರ ಅಳತೆ ತಿಳಿಯದೆ, ಕಾಲಿಗೆ ಹೊಂದದಿದ್ದರೆ ಬದಲಿಸಿ ಕೊಡಬೇಕೆಂದು ಅಂಗಡಿಯವನಿಂದ ಮಾತು ತೆಗೆದುಕೊಂಡು ಅವರು ಬಸ್ಸು ಹತ್ತಿದರು.